ಹರತಾಳದ ದಿನ ಬಿಚ್ಚಿದ ಬ್ರೇಕು

ವೆಂಕಟಕೃಷ್ಣಣ್ಣನ ಕಿವಿಯ ಬಗ್ಗೆ ನಮ್ಮ ಬೆಳ್ಳೂರಿನಲ್ಲಿ ಯಾರೂ ಎರಡು ಮಾತಾಡುವುದಿಲ್ಲ. ಅವರಿಗೆ ಬದಿಯಡ್ಕದಲ್ಲಿ ಅಡಿಕೆ ವ್ಯಾಪಾರ. ಒಣಗಿದ ಅಡಿಕೆಯನ್ನು ಸಿಪ್ಪೆ ಸಮೇತ ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ, ಕಣ್ಣು ಮುಚ್ಚಿ, "ಇದಕ್ಕೆ ಇನ್ನೂ ಬಿಸಿಲು ಬೇಕು" ಅನ್ನುತ್ತಾರೆ. ಸುಲಿದು ನೋಡಿದರೆ ಒಳಗೆ ಹಸಿ. ಇದನ್ನು ನಾನೂ ಒಪ್ಪುತ್ತೇನೆ. ಆದರೆ ಒಂದು ವಿದ್ಯೆ ಚೆನ್ನಾಗಿ ಬಂದ ಗಂಡಸರಿಗೆ ಉಳಿದ ವಿದ್ಯೆಗಳೂ ಜೊತೆಗೇ ಬಂದಿವೆ ಎಂದು ಅನಿಸಲು ಶುರುವಾಗುತ್ತದೆ. ಫ್ರಿಜ್ಜು ಗುರ್ ಅಂದರೆ, ಪಂಪು ಕೆಮ್ಮಿದರೆ, ನೆರೆಮನೆಯ ಕೂಸು ಅತ್ತರೆ ಕೂಡ ವೆಂಕಟಕೃಷ್ಣಣ್ಣ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನಿಂತು ತೀರ್ಪು ಕೊಡುತ್ತಾರೆ.

ಅಂಥ ಕಿವಿಗೆ ಒಂದು ಸದ್ದು ಮಾತ್ರ ಕೇಳಿಸುತ್ತಿರಲಿಲ್ಲ. ಅದು ಅವರ ಹೆಂಡತಿ ಶಂಕರಿಯಕ್ಕನ ಮಾತು. ಶಂಕರಿಯಕ್ಕನ ಸ್ವರ ಮೆಲ್ಲಗೆ, ನಿಜ. ಆದರೆ ಬೇಲಿಯಾಚೆ ನಿಂತ ನಮಗೆಲ್ಲ ಕೇಳಿಸುತ್ತದೆ. ಪಕ್ಕದಲ್ಲೇ ಕೂತ ಗಂಡ ಮೊದಲನೆಯ ಸಲಕ್ಕೆ ಸುಮ್ಮನಿರುತ್ತಾರೆ, ಎರಡನೆಯ ಸಲಕ್ಕೆ "ಆಂ?" ಅನ್ನುತ್ತಾರೆ, ಮೂರನೆಯ ಸಲಕ್ಕೆ ಆಕೆ ಕೇಳಿಯೇ ಇರದ ಯಾವುದೋ ಪ್ರಶ್ನೆಗೆ ಉತ್ತರ ಕೊಡುತ್ತಾರೆ.

ನಾನು ಫೆಲ್ಸಿ. ಅವರ ಮನೆ ಗುಡ್ಡದ ತಲೆಯಲ್ಲಿ, ನಮ್ಮದು ಬುಡದಲ್ಲಿ. ನಡುವೆ ಪಂಚಾಯತಿನ ಕಾಂಕ್ರೀಟು ರಸ್ತೆ ಅವರ ಅಂಗಳದಿಂದ ಹೊರಟು ನೇರ ನಮ್ಮ ಗೇಟಿನ ಎದುರಿಗೆ ಇಳಿದು ಅಲ್ಲಿಂದ ಪೇಟೆಯ ಕಡೆ ತಿರುಗುತ್ತದೆ. ಮನೆಯೊಳಗೆ ನಮ್ಮದು ಕೊಂಕಣಿ, ಅವರದು ಹವ್ಯಕ ಭಾಷೆ. ಬೇಲಿಯ ಹತ್ತಿರ ನಿಂತು ಮಾತಾಡಲಿಕ್ಕೂ ಜಗಳಾಡಲಿಕ್ಕೂ ಕನ್ನಡ. ಶಂಕರಿಯಕ್ಕನೂ ನಾನೂ ಒಂದೇ ಕುಟುಂಬಶ್ರೀ ಘಟಕದವರು, ಅಂದರೆ ಹೆಂಗಸರ ಸ್ವಸಹಾಯ ಸಂಘದವರು. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ.

ಮೊದಲು ಮಾಲು ಹೋಗುತ್ತಿದ್ದದ್ದು ಬಾಡಿಗೆ ಜೀಪಿನಲ್ಲಿ. ಜನರ ಮೊಣಕಾಲಿನ ಸಂದಿಯಲ್ಲಿ ನಮ್ಮ ಹಪ್ಪಳದ ಕಟ್ಟು. ಬದಿಯಡ್ಕದಲ್ಲಿ ಬಿಚ್ಚಿದರೆ ಅರ್ಧ ಪುಡಿ. ಆಗ ಶಂಕರಿಯಕ್ಕ ಯಾರಿಗೂ ಹೇಳದೆ ಹೋಗಿ ಡ್ರೈವಿಂಗ್ ಸ್ಕೂಲಿನ ದಮಯಂತಿ ಟೀಚರ ಹತ್ತಿರ ಕಾರು ಕಲಿತರು. ಮಗಳ ಮದುವೆ ಮುಗಿಸಿದ ವಯಸ್ಸಿನಲ್ಲಿ ಲೈಸನ್ಸು ಬಂತು. ವೆಂಕಟಕೃಷ್ಣಣ್ಣನ ಬಿಳಿ ಮಾರುತಿ ವಾರದಲ್ಲಿ ಎರಡು ದಿನ ನಮ್ಮ ಘಟಕಕ್ಕೆ ಸಿಗತೊಡಗಿತು. ಮುಳ್ಳೇರಿಯ, ಕಾರಡ್ಕ, ಬದಿಯಡ್ಕ, ಎಲ್ಲ ಕಡೆ ನಮ್ಮ ಹಪ್ಪಳ ಇಡೀ ಇಡಿಯಾಗಿ ತಲುಪಿತು. ಆ ಕಾರಿನ ಸ್ಟಿಯರಿಂಗ್ ಹಿಡಿದಾಗ ಶಂಕರಿಯಕ್ಕನ ಮುಖ ನೋಡಬೇಕು. ಅಷ್ಟು ಸಂತೋಷ ನಾನು ಅವರ ಮಗಳ ಮದುವೆಯಲ್ಲೂ ನೋಡಿರಲಿಲ್ಲ.

ವೆಂಕಟಕೃಷ್ಣಣ್ಣನಿಗೆ ಇದು ಅಷ್ಟೊಂದು ಸರಿಬರಲಿಲ್ಲ. ಬೇಡ ಅನ್ನಲು ಕಾರಣ ಬೇಕಲ್ಲ, ಅದಕ್ಕೆ ಕಾಯುತ್ತಿದ್ದರು. ಅವರ ಡ್ರೈವಿಂಗಿನದೇ ಒಂದು ಶಾಸ್ತ್ರ. ಇಳಿಜಾರು ಸಿಕ್ಕಿದ ಕೂಡಲೇ ಗೇರು ತೆಗೆದು ನ್ಯೂಟ್ರಲ್ಲಿಗೆ ಹಾಕುವುದು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೆಳಗಿನವರೆಗೂ ಜಾರುವುದು. "ಬೆಳ್ಳೂರಿಂದ ಬದಿಯಡ್ಕಕ್ಕೆ ಎಷ್ಟು ಇಳಿಜಾರು ಉಂಟೋ ಅಷ್ಟಕ್ಕೂ ನನಗೆ ಪೆಟ್ರೋಲು ಬೇಡ ಮಾರಾಯ. ದೇವರು ಗುಡ್ಡ ಕೊಟ್ಟದ್ದು ಸುಮ್ಮನೆಯಾ?" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಕೇಳಿದ ಗಂಡಸರೆಲ್ಲ ಮನೆಗೆ ಬಂದು ಹಾಗೇ ಮಾಡುತ್ತಿದ್ದರು.

ಎರಡು ಸಾವಿರದ ಹದಿಮೂರರ ಓಣಂ ಹತ್ತಿರ ಬರುವಾಗ ಕಾರು ಸದ್ದು ಮಾಡತೊಡಗಿತು. ಬ್ರೇಕು ಒತ್ತಿದರೆ ಮುಂದಿನ ಚಕ್ರದ ಹತ್ತಿರ ಕರ್ರ್ ಎಂದು ಹಲ್ಲು ಜುಮ್ಮೆನ್ನುವ ಹಾಗೆ ಉಜ್ಜುವ ಸದ್ದು. ಶಂಕರಿಯಕ್ಕ ಅಂದೇ ಗಂಡನಿಗೆ ಹೇಳಿದರು. ಮರುದಿನ ಇನ್ನೊಮ್ಮೆ ಹೇಳಿದರು. ಮೂರನೆಯ ಸಲ ಹೇಳಿದಾಗ ಅವರು, "ಸಾರಿಗೆ ಉಪ್ಪು ಸರಿ ಉಂಟು" ಎಂದರಂತೆ. ಕೊನೆಗೆ ಶಂಕರಿಯಕ್ಕ ದಮಯಂತಿ ಟೀಚರನ್ನು ಕೇಳಿ, ಬದಿಯಡ್ಕದ ಸ್ಪೇರ್‌ಪಾರ್ಟ್ಸ್ ಅಂಗಡಿಯಿಂದ ಒಂದು ಜೊತೆ ಬ್ರೇಕ್ ಪ್ಯಾಡ್ ತಂದು ಅಡಿಗೆಕೋಣೆಯ ಕಪಾಟಿನಲ್ಲಿ ಇಟ್ಟರು. ಓಣಂ ಸಂತೆಯ ಹಿಂದಿನ ದಿನ ವರ್ಕ್‌ಶಾಪಿಗೆ ಕೊಟ್ಟು ಹಾಕಿಸುವುದೆಂದು ಲೆಕ್ಕ.

ಆ ದಿನವೇ ಹರತಾಳ ಬಂತು. ಯಾವ ಪಕ್ಷದ್ದು, ಯಾಕೆ ಎಂದು ಕೇಳುವ ಅಭ್ಯಾಸ ನಮ್ಮ ಜಿಲ್ಲೆಯಲ್ಲಿ ಹೋಗಿ ಬಹಳ ಕಾಲವಾಗಿದೆ. ಹಿಂದಿನ ದಿನ ಟಿವಿಯಲ್ಲಿ ಅಡಿಸಾಲು ಓಡಿದ ಕೂಡಲೇ ನನ್ನ ಗಂಡ ರೆಜಿನಾಲ್ಡ್ ಕೋಳಿ ತರಲು ಹೋಗುತ್ತಾರೆ, ಅಷ್ಟೇ. ಸಂಜೆ ಆರರವರೆಗೆ ವರ್ಕ್‌ಶಾಪು, ಅಂಗಡಿ, ಬಸ್ಸು ಎಲ್ಲ ಬಂದ್. ಮರುದಿನ ಬೆಳಿಗ್ಗೆ ಬದಿಯಡ್ಕದಲ್ಲಿ ಓಣಂ ಸಂತೆ ಶುರು. ನಮ್ಮ ಘಟಕಕ್ಕೆ ಅಲ್ಲಿ ಒಂದು ಮಳಿಗೆ ಕೊಟ್ಟಿದ್ದರು, ಅದೂ ಬಾಗಿಲ ಹತ್ತಿರದ್ದು. ಮಾಲೆಲ್ಲ ಕಟ್ಟಿ ಆಗಿತ್ತು.

ಹರತಾಳದ ದಿನ ಗಂಡಸರಿಗೆ ಕೆಲಸ ಇರುವುದಿಲ್ಲ. ಹೆಂಗಸರಿಗೆ ಹರತಾಳವೇ ಇರುವುದಿಲ್ಲ. ನಾನು ಕೊನೆಯ ಹಪ್ಪಳದ ಕಟ್ಟು ಹೊತ್ತುಕೊಂಡು ಗುಡ್ಡ ಹತ್ತಿದಾಗ ಅವರ ಅಂಗಳದಲ್ಲಿ ಸಭೆ ಸೇರಿತ್ತು. ನಡುವೆ ಕಾರು. ಒಂದು ಕಡೆ ರೆಜಿನಾಲ್ಡ್, ಕುವೈಟಿನಿಂದ ಬರುವಾಗ ತಂದ, ಇಷ್ಟು ವರ್ಷ ಪ್ಲಾಸ್ಟಿಕ್ ಸಹ ಬಿಚ್ಚದ ಸ್ಪಾನರಿನ ಪೆಟ್ಟಿಗೆ ಸಮೇತ. ಇನ್ನೊಂದು ಕಡೆ ನಿವೃತ್ತರಾದ ಜನಾರ್ದನ ಮಾಸ್ಟ್ರು. ನಡುವೆ ಕಣ್ಣು ಮುಚ್ಚಿ ವೆಂಕಟಕೃಷ್ಣಣ್ಣ.

"ಕುವೈಟಿನಲ್ಲಿ ಹೀಗೆ ಸದ್ದು ಬಂದರೆ ಕಾರನ್ನೇ ಬಿಸಾಡ್ತಾರೆ ಭಟ್ರೇ" ಎಂದರು ನನ್ನ ಗಂಡ. ಅಲ್ಲಿ ಅವರು ಇದ್ದದ್ದು ಆಸ್ಪತ್ರೆಯ ಅಡಿಗೆಮನೆಯಲ್ಲಿ. ಕಂಪೆನಿಯ ಬಸ್ಸು ಬಿಟ್ಟು ಬೇರೆ ವಾಹನ ಹತ್ತಿದವರಲ್ಲ.

"ಇದು ಘರ್ಷಣೆ" ಎಂದರು ಜನಾರ್ದನ ಮಾಸ್ಟ್ರು. "ಎರಡು ವಸ್ತುಗಳು ಒಂದಕ್ಕೊಂದು ಉಜ್ಜಿದಾಗ ಘರ್ಷಣೆ ಉಂಟಾಗ್ತದೆ."

ಎಲ್ಲರೂ ತಲೆಯಾಡಿಸಿದರು. ಕಾಯಿಲೆಗೆ ಹೆಸರು ಸಿಕ್ಕಿದ್ದರಿಂದ ಅರ್ಧ ವಾಸಿಯಾದಷ್ಟು ಸಮಾಧಾನ ಅವರ ಮುಖದಲ್ಲಿ ಕಂಡಿತು.

ಕಾರಿಗೆ ಜಾಕಿ ಕೊಟ್ಟು ಮುಂದಿನ ಚಕ್ರ ಕಳಚಿದರು. ಒಳಗೆ ಉಕ್ಕಿನ ತಟ್ಟೆ, ಅದನ್ನು ಎರಡು ಕಡೆಯಿಂದ ಹಿಡಿಯುವ ಪ್ಯಾಡುಗಳು. ತಟ್ಟೆಯ ಮೇಲೆ ಉದ್ದಕ್ಕೂ ಗೀರು. ಶಂಕರಿಯಕ್ಕ ಅಡಿಗೆಕೋಣೆಯಿಂದ ಹೊಸ ಪ್ಯಾಡಿನ ಪೆಟ್ಟಿಗೆ ತಂದು ಗಂಡನ ಪಕ್ಕದ ಮೋಟುಗೋಡೆಯ ಮೇಲೆ ಇಟ್ಟರು.

"ಪ್ಯಾಡು ಸವೆದು ಹೋಗಿದೆ. ತಗಡು ತಾಗುವ ಸದ್ದು ಅದು. ಹೊಸತು ಇಲ್ಲಿ ಉಂಟು" ಎಂದರು.

ವೆಂಕಟಕೃಷ್ಣಣ್ಣ ತಟ್ಟೆಯನ್ನು ಕೈಯಲ್ಲಿ ತಿರುಗಿಸಿ ಕಿವಿಗೊಟ್ಟರು.

"ಪ್ಯಾಡು ಸವೆದಿದೆ ನೋಡಿ. ಬದಲಿಸಿದರೆ ಆಯ್ತು" ಎಂದರು ಶಂಕರಿಯಕ್ಕ ಇನ್ನೊಮ್ಮೆ.

"ಆಂ?"

"ಪ್ಯಾಡು."

"ಹೌದು, ಕಾಫಿ ಆಗಬಹುದು" ಎಂದರು ವೆಂಕಟಕೃಷ್ಣಣ್ಣ.

ಕಾಫಿ ಬಂತು. ಅವರು ಲೋಟ ಇಡಲು ಜಾಗ ಹುಡುಕಿ ಪ್ಯಾಡಿನ ಪೆಟ್ಟಿಗೆಯ ಮೇಲೆ ಇಟ್ಟರು. ಮೋಟುಗೋಡೆ ಓರೆ, ಪೆಟ್ಟಿಗೆ ಸಮ. ಲೋಟ ಚೆನ್ನಾಗಿ ನಿಂತಿತು. ನನಗೆ ಮೈ ಉರಿಯಿತು. "ವೆಂಕಟಕೃಷ್ಣಣ್ಣ, ಶಂಕರಿಯಕ್ಕ ಹೇಳ್ತಾ ಇದ್ದಾರಲ್ಲ" ಎಂದೆ. "ಫೆಲ್ಸಿ, ಮೆಷಿನಿನ ವಿಷಯದಲ್ಲಿ ನಿಂಗೆ ಎಂತ ಗೊತ್ತುಂಟು?" ಎಂದು ರೆಜಿನಾಲ್ಡ್ ನನ್ನ ಬಾಯಿ ಮುಚ್ಚಿಸಿದರು. ಮಿಕ್ಸಿಯ ಮುಚ್ಚಳ ಹಾಕದೆ ಸ್ವಿಚ್ಚು ಒತ್ತಿ ಗೋಡೆಗೆಲ್ಲ ಚಟ್ನಿ ಹಚ್ಚಿದ ಮನುಷ್ಯ ಹೀಗೆ ಹೇಳಿದರು.

ಕಾಫಿ ಕುಡಿದಾದ ಮೇಲೆ ತೀರ್ಪು ಬಂತು.

"ಇದು ಒಣಗಿದ ಸದ್ದು" ಎಂದರು ವೆಂಕಟಕೃಷ್ಣಣ್ಣ. "ಅಡಿಕೆಯಲ್ಲಿ ನಾನು ಎಷ್ಟು ಕೇಳಿಲ್ಲ! ಇಲ್ಲಿ ಪಸೆ ಇಲ್ಲ. ಹೆಂಗಸರು ಓಡಿಸುವಾಗ ಹೆದರಿ ಹೆದರಿ ಬ್ರೇಕು ಒತ್ತುತ್ತಾರೆ. ಒತ್ತಿ ಒತ್ತಿ ಒಳಗಿನ ಪಸೆ ಆರಿದೆ."

"ಅದೇ" ಎಂದರು ಮಾಸ್ಟ್ರು. "ಘರ್ಷಣೆ ಕಡಿಮೆ ಮಾಡಬೇಕು."

ಬ್ರೇಕಿನಲ್ಲಿ ಘರ್ಷಣೆ ಇಲ್ಲದಿದ್ದರೆ ಇನ್ನೆಂತ ಇರುತ್ತದೆ ಎಂದು ಅಷ್ಟು ಮಂದಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ನಮ್ಮೂರಲ್ಲಿ ಒಣಗಿದ್ದಕ್ಕೆಲ್ಲ ಒಂದೇ ಮದ್ದು, ತೆಂಗಿನೆಣ್ಣೆ. ತಲೆಗೆ ಅದು, ಒಡೆದ ಹಿಮ್ಮಡಿಗೆ ಅದು, ಕಿರುಗುಟ್ಟುವ ಬಾಗಿಲಿಗೆ, ಹೊಲಿಗೆ ಮೆಷಿನಿಗೆ, ಕತ್ತಿಯ ತುಕ್ಕಿಗೆ ಅದು. ವೆಂಕಟಕೃಷ್ಣಣ್ಣ ಒಳಗೆ ಹೋಗಿ ಗಾಣದಿಂದ ಮಾಡಿಸಿ ತಂದ ಎಣ್ಣೆಯ ಕುಪ್ಪಿ ತಂದರು. ಶಂಕರಿಯಕ್ಕ ಅಡ್ಡ ನಿಂತರು.

"ಬೇಡ. ಬ್ರೇಕಿಗೆ ಎಣ್ಣೆ ತಾಗಬಾರದು. ಬೇಡ ಅಂದೆ."

ಆ "ಬೇಡ ಅಂದೆ" ಸ್ವಲ್ಪ ಗಟ್ಟಿಯಾಗಿಯೇ ಬಂದಿತ್ತು. ಅದು ಕೇಳಿಸಿತು, ಅದಕ್ಕೇ ಅವರಿಗೆ ಸಿಟ್ಟು ಬಂತು.

"ಕೇಳು. ನಾನು ಸರಿ ಮಾಡಿದ ಮೇಲೆ ಸದ್ದು ಹೋದರೆ ತಪ್ಪು ನಿನ್ನ ಕಾಲಿನದ್ದು. ಮತ್ತೆ ನೀನು ಕಾರು ಮುಟ್ಟಲಿಕ್ಕಿಲ್ಲ. ಕೀಲಿಕೈ ನನ್ನ ಹತ್ತಿರ ಇರ್ತದೆ. ನಿಮ್ಮ ಹಪ್ಪಳ ನಾನೇ ಪುರುಸೊತ್ತು ಆದಾಗ ತಲುಪಿಸ್ತೇನೆ."

ಅವರ ಪುರುಸೊತ್ತು ನಮಗೆ ಗೊತ್ತು. ಊಟ, ನಿದ್ದೆ, ಮತ್ತೆ ಕಾಫಿ, ಅಷ್ಟರಲ್ಲಿ ಸಂತೆಯವರು ಮಳಿಗೆಯ ಶೀಟು ಬಿಚ್ಚಿರುತ್ತಾರೆ. ಶಂಕರಿಯಕ್ಕ ಪೆಟ್ಟಿಗೆಯ ಮೇಲಿನ ಲೋಟ ತೆಗೆದು, ಲೋಟದ ವೃತ್ತ ಬಿದ್ದಿದ್ದನ್ನು ಸೆರಗಿನಿಂದ ಒರೆಸಿದರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಕೀಲಿಕೈ ಹೋದರೆ ಅವರಿಗೆ ಹೋಗುವುದು ಕಾರು ಮಾತ್ರ ಅಲ್ಲ ಎಂದು ಆ ಅಂಗಳದಲ್ಲಿ ನನಗೊಬ್ಬಳಿಗೆ ಗೊತ್ತಿತ್ತು.

ವೆಂಕಟಕೃಷ್ಣಣ್ಣ ಎರಡೂ ಮುಂದಿನ ಚಕ್ರಗಳಿಗೆ ಧಾರಾಳವಾಗಿ ಎಣ್ಣೆ ಹೊಯ್ದರು. ಎಣ್ಣೆ ತಟ್ಟೆಯ ಮೇಲೆ ಹೊಳೆಯಿತು, ಪ್ಯಾಡಿನ ಸಂದಿಗೆ ಇಳಿಯಿತು, ಅಂಗಳದಲ್ಲೆಲ್ಲ ದೀಪಾವಳಿಯ ಎಣ್ಣೆಸ್ನಾನದ ಪರಿಮಳ. ಹಿಂದಿನ ಚಕ್ರ ಬಿಚ್ಚುವಷ್ಟು ಪುರುಸೊತ್ತು ಇರಲಿಲ್ಲ, ಊಟದ ಹೊತ್ತಾಗಿತ್ತು. ನಮ್ಮ ಪುಣ್ಯ. ಚಕ್ರ ಹಾಕಿ, ಕಾರನ್ನು ಅಂಗಳದಲ್ಲಿ ಮುಂದೆ ಹಿಂದೆ ಮಾಡಿ ಬ್ರೇಕು ಒತ್ತಿದರು. ಸದ್ದು ಇಲ್ಲ. ಒಂದು ಚೂರೂ ಇಲ್ಲ. ಕಾರು ನಿಲ್ಲಲು ಸ್ವಲ್ಪ ಹೆಚ್ಚು ದೂರ ತೆಗೆದುಕೊಂಡಿತು, ಆದರೆ ಅಲ್ಲಿದ್ದವರೆಲ್ಲ ನೋಡುತ್ತಿರಲಿಲ್ಲ, ಕೇಳುತ್ತಿದ್ದರು.

"ಎಂತ ಕಿವಿ ಭಟ್ರೇ ನಿಮ್ಮದು!" ಎಂದರು ರೆಜಿನಾಲ್ಡ್.

"ಹತ್ತು ಹತ್ತು ಎಲ್ಲರೂ" ಎಂದರು ವೆಂಕಟಕೃಷ್ಣಣ್ಣ. "ಒಮ್ಮೆ ಕೆಳಗೆ ಹೋಗಿ ಬರುವಾ. ಶಂಕರೀ, ನೀನು ಎದುರು ಕೂತುಕೋ. ಬ್ರೇಕು ಹೇಗೆ ಒತ್ತುವುದು ಅಂತ ನೋಡಿ ಕಲಿ."

ಮಾಸ್ಟ್ರು ಊಟಕ್ಕೆಂದು ಹೋದರು. ರೆಜಿನಾಲ್ಡ್ ಹಿಂದಿನ ಸೀಟು ಹತ್ತಿದರು. ಶಂಕರಿಯಕ್ಕನನ್ನು ಒಂಟಿ ಬಿಡಲು ಮನಸ್ಸಾಗದೆ ನಾನೂ ಹತ್ತಿದೆ. ಸ್ಪಾನರಿನ ಪೆಟ್ಟಿಗೆ ರೆಜಿನಾಲ್ಡರ ಮಡಿಲಲ್ಲಿ, ಪ್ಯಾಡಿನ ಪೆಟ್ಟಿಗೆ ಶಂಕರಿಯಕ್ಕನ ಮಡಿಲಲ್ಲಿ. ಕಾರು ಇಳಿಜಾರಿನ ತುದಿಗೆ ಬಂತು. ವೆಂಕಟಕೃಷ್ಣಣ್ಣ ಅಭ್ಯಾಸದಂತೆ ಗೇರು ತೆಗೆದು ನ್ಯೂಟ್ರಲ್ಲಿಗೆ ಹಾಕಿದರು.

"ನೋಡಿ, ಪೆಟ್ರೋಲು ಇಲ್ಲ, ಸದ್ದೂ ಇಲ್ಲ" ಎಂದರು.

ಕಾರಿಗೆ ವೇಗ ಬಂತು. ಅವರು ಬ್ರೇಕು ಒತ್ತಿದರು. ಸದ್ದು ಬರಲಿಲ್ಲ. ಕಾರೂ ಕೇಳಲಿಲ್ಲ. ಇನ್ನೊಮ್ಮೆ ಒತ್ತಿದರು. ಆಮೇಲೆ ಸೀಟಿನಿಂದ ಎದ್ದು ನಿಂತ ಹಾಗೆ ಒತ್ತಿದರು. ಬೇಲಿಯ ದಾಸವಾಳದ ಗಿಡಗಳು ಸರಸರ ಹಿಂದೆ ಹೋಗತೊಡಗಿದವು. ಕೆಳಗೆ ನಮ್ಮ ಗೇಟು ಹಾರು ಹೊಡೆದು ತೆರೆದಿತ್ತು. ಗೇಟಿನ ಒಳಗೆ ನೇರ ಎದುರಿಗೆ, ಕುವೈಟಿನ ಸಂಪಾದನೆಯಲ್ಲಿ ನನ್ನ ಗಂಡ ಟೈಲ್ಸು ಹಾಕಿ, ಗಾಜು ಇಟ್ಟು ಕಟ್ಟಿಸಿದ, ಏಸುವಿನ ತಾಯಿ ಮರಿಯಮ್ಮನ ಗ್ರೊಟ್ಟೊ, ಗುಹೆಯಂಥ ಪುಟ್ಟ ಗುಡಿ.

ವೆಂಕಟಕೃಷ್ಣಣ್ಣನ ಬಾಯಿಂದ ಬೇಲಿಯ ಕನ್ನಡ ಬಿದ್ದುಹೋಗಿ ಮನೆಯ ಭಾಷೆ ಬಂತು.

"ಶಂಕರೀ, ಬ್ರೇಕು ಹಿಡಿತ್ತಿಲ್ಲೆ!"

"ಜೆಜು ಮರಿಯೆ!" ಎಂದು ಹಿಂದೆ ಕೂತ ನಾವಿಬ್ಬರೂ ಕಿರುಚಿದೆವು. ರೆಜಿನಾಲ್ಡ್ ಸ್ಪಾನರಿನ ಪೆಟ್ಟಿಗೆಯನ್ನು ಕೂಸಿನ ಹಾಗೆ ಅಪ್ಪಿಕೊಂಡರು. ಶಂಕರಿಯಕ್ಕ ಮಾತ್ರ ಕಿರುಚಲಿಲ್ಲ. ಎರಡೂ ಕೈಯಿಂದ ಹ್ಯಾಂಡ್ ಬ್ರೇಕು ಹಿಡಿದು ಮೇಲೆ ಎಳೆದರು. ಎಣ್ಣೆ ಕಾಣದ ಹಿಂದಿನ ಚಕ್ರಗಳು ಕಿರ್ರೆಂದು ಕಾಂಕ್ರೀಟು ಉಜ್ಜಿದವು. ಕಾರಿನ ಹಿಂಭಾಗ ಒಮ್ಮೆ ಓಲಾಡಿತು, ಗೇಟಿನೊಳಗೆ ನುಗ್ಗಿತು, ಅಂಗಳದ ಜಲ್ಲಿಯಲ್ಲಿ ಎಳೆದುಕೊಂಡು ಹೋಗಿ ಮರಿಯಮ್ಮನ ಎದುರು, ಒಂದು ಮೊಂಬತ್ತಿ ಇಡುವಷ್ಟು ಜಾಗ ಬಿಟ್ಟು ನಿಂತಿತು.

"ಮರಿಯಮ್ಮ ಕಾಪಾಡಿದಳು" ಎಂದು ರೆಜಿನಾಲ್ಡ್ ಶಿಲುಬೆಯ ಗುರುತು ಹಾಕಿದರು.

"ಮನೆದೇವರ ದಯೆ. ನಾಳೆಯೇ ಒಂದು ಪೂಜೆ ಮಾಡಿಸಬೇಕು" ಎಂದರು ವೆಂಕಟಕೃಷ್ಣಣ್ಣ.

ನನಗೆ ಅಳುವೂ ಬಂತು, ಕೆಟ್ಟ ಸಿಟ್ಟೂ ಬಂತು. "ಹ್ಯಾಂಡ್ ಬ್ರೇಕು ಎಳೆದದ್ದು ಮರಿಯಮ್ಮನೂ ಅಲ್ಲ, ನಿಮ್ಮ ದೇವರೂ ಅಲ್ಲ. ಕಣ್ಣು ಉಂಟಲ್ಲ, ಪಕ್ಕಕ್ಕೆ ನೋಡಿ!" ಎಂದೆ. ಯಾವ ದೇವರೂ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ ಎಂದು ಈಗಲೂ ನಂಬಿದ್ದೇನೆ.

ಶಂಕರಿಯಕ್ಕನ ಕೈ ಇನ್ನೂ ಹ್ಯಾಂಡ್ ಬ್ರೇಕಿನ ಮೇಲೆಯೇ ಇತ್ತು. ಆಮೇಲೆ ಗಂಡನ ಎದುರಿನಿಂದ ಕೈ ಚಾಚಿ ಎಂಜಿನು ಆಫ್ ಮಾಡಿ, ಕೀಲಿಕೈ ತೆಗೆದುಕೊಂಡು ಇಳಿದರು. "ಪೊರ್ಬುಗಳೇ, ಆ ಸ್ಪಾನರು ಇತ್ತ ಕೊಡಿ" ಎಂದು ನನ್ನ ಗಂಡನಿಗೆ ಹೇಳಿದರು. ರೆಜಿನಾಲ್ಡ್ ಪೆಟ್ಟಿಗೆ ಇಡಿಯಾಗಿ ಕೊಟ್ಟರು.

ನಾನು ದಮಯಂತಿ ಟೀಚರಿಗೆ ಫೋನು ಹಚ್ಚಿ, ಸ್ಪೀಕರು ಹಾಕಿ ಗ್ರೊಟ್ಟೊದ ಮೆಟ್ಟಿಲ ಮೇಲಿಟ್ಟೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿ ಹಾಕಿ, ಶಂಕರಿಯಕ್ಕ ಚಕ್ರ ಕಳಚಿದರು. ಹಿಂದುಗಡೆಯ ಬೋಲ್ಟು ಬಿಚ್ಚಿದಾಗ ಹಳೆಯ ಪ್ಯಾಡು ಎಣ್ಣೆಯಲ್ಲಿ ನೆಂದು ಕೈಗೆ ಬಂತು. ಹೊಸದರ ಪಕ್ಕ ಇಟ್ಟು ನೋಡಿದೆವು. ಹೊಸದರಲ್ಲಿ ಬೆರಳಿನಷ್ಟು ಮಂದ. ಹಳೆಯದರಲ್ಲಿ ಮಂದವೇ ಇಲ್ಲ, ಬರೀ ತಗಡು.

"ತಗಡೇ ಕಾಣ್ತಾ ಉಂಟು ಟೀಚರೇ" ಎಂದರು ಶಂಕರಿಯಕ್ಕ.

"ಇಷ್ಟು ಬೇಗ ಅಷ್ಟು ಸವೆಯಬಾರದು" ಎಂದಿತು ಫೋನು. "ನಿಮ್ಮ ಮನೆಯಲ್ಲಿ ಯಾರಾದರೂ ಇಳಿಜಾರಲ್ಲಿ ನ್ಯೂಟ್ರಲ್ಲಿಗೆ ಹಾಕಿ ಬ್ರೇಕಿನ ಮೇಲೆಯೇ ಇಳಿಸುವವರು ಇದ್ದಾರಾ? ಹಾಗೆ ಮಾಡುವ ಹೆಡ್ಡರು ಇದ್ದರೆ ಬ್ರೇಕು ಎರಡು ಪಟ್ಟು ಬೇಗ ಹೋಗ್ತದೆ."

ನಾವು ಮೂವರೂ ವೆಂಕಟಕೃಷ್ಣಣ್ಣನ ಕಡೆ ನೋಡಿದೆವು. ಅವರು ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ದೂರದಲ್ಲಿ ಯಾರದೋ ಪಂಪಿನ ಸದ್ದು ಕೇಳುತ್ತಿದ್ದರು.

ತಟ್ಟೆಯ ಎಣ್ಣೆಯನ್ನು ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿದೆವು. ಜಿಡ್ಡು ಪೂರ್ತಿ ಹೋಗಲಿಲ್ಲ. "ಪೆಟ್ರೋಲಿನಲ್ಲಿ ಒರೆಸಿ" ಎಂದರು ಟೀಚರು. ಹುಲ್ಲು ಕತ್ತರಿಸುವ ಮೆಷಿನಿಗೆಂದು ವೆಂಕಟಕೃಷ್ಣಣ್ಣ ಬಾಟಲಿಯಲ್ಲಿ ಜೋಪಾನ ಮಾಡಿಟ್ಟದ್ದು ಇತ್ತು. ಶಂಕರಿಯಕ್ಕ ಗಂಡನ ಕಡೆ ನೋಡಿದರು. ಅವರು ಗುಡ್ಡ ಹತ್ತಿ ಹೋಗಿ, ಏದುಸಿರು ಬಿಡುತ್ತಾ ಬಾಟಲಿ ತಂದುಕೊಟ್ಟರು. ಶಂಕರಿಯಕ್ಕ ಬಟ್ಟೆಗೆ ಸುರಿದುಕೊಂಡು ಒರೆಸಿದರು, ಮತ್ತೆ ಸುರಿದುಕೊಂಡು ಒರೆಸಿದರು. ಇಷ್ಟು ಕಾಲ ಗುಡ್ಡ ಗುಡ್ಡ ಜಾರಿ ಉಳಿಸಿದ ಪೆಟ್ರೋಲು ಹೀಗೆ ಖರ್ಚಾಗುವುದನ್ನು ವೆಂಕಟಕೃಷ್ಣಣ್ಣ ನಿಂತು ನೋಡಬೇಕಾಯಿತು. ನನಗೆ ಒಂದು ಚೂರೂ ಪಾಪ ಅನಿಸಲಿಲ್ಲ.

ಹಳೆಯ ಪ್ಯಾಡನ್ನೇ ಅಡ್ಡ ಇಟ್ಟು ಒಳಗಿನ ಪಿಸ್ಟನನ್ನು ಮೆಲ್ಲ ಹಿಂದಕ್ಕೆ ಒತ್ತಿ, ಹೊಸ ಪ್ಯಾಡು ಕೂರಿಸಿ, ಬೋಲ್ಟು ಬಿಗಿದರು. ಇನ್ನೊಂದು ಬದಿಗೂ ಹಾಗೇ. ಕಾರು ಕದಲಿಸುವ ಮೊದಲು ಪೆಡಲು ಗಟ್ಟಿಯಾಗುವ ತನಕ ಒತ್ತಬೇಕು ಎಂದು ಟೀಚರು ಎರಡು ಸಲ ಹೇಳಿದರು. ಎರಡನೆಯ ಸಲ ಬೇಕಿರಲಿಲ್ಲ, ಶಂಕರಿಯಕ್ಕ ಮೊದಲ ಸಲಕ್ಕೇ ಕೇಳಿಸಿಕೊಂಡಿದ್ದರು. ತಟ್ಟೆಯ ಗೀರನ್ನು ಸಂತೆ ಮುಗಿದ ಮೇಲೆ ವರ್ಕ್‌ಶಾಪಿನಲ್ಲಿ ತೋರಿಸುವುದು ಎಂದಾಯಿತು. ಆರು ಗಂಟೆಗೆ ಹರತಾಳ ಮುಗಿಯುವ ಹೊತ್ತಿಗೆ ಕಾರು ಅಂಗಳದಲ್ಲಿ ನಾಲ್ಕು ಸಲ ಹೋಗಿ ನಾಲ್ಕು ಸಲವೂ ನಿಂತಿತ್ತು.

ರೆಜಿನಾಲ್ಡ್ ಆವತ್ತೇ ನಾಲ್ಕು ಮನೆಗೆ ಸುದ್ದಿ ಮುಟ್ಟಿಸಿದರು. ಅವರು ಹೇಳಿದ ಕತೆಯಲ್ಲಿ ಬ್ರೇಕು ಸರಿ ಮಾಡಿದ್ದು ಕುವೈಟಿನ ಸ್ಪಾನರು.

ಮರುದಿನ ಬೆಳಿಗ್ಗೆ ಮಾಲು ತುಂಬುವಾಗ ವೆಂಕಟಕೃಷ್ಣಣ್ಣ ಬಿಳಿ ಅಂಗಿ ಹಾಕಿ ಬಂದು ಕಾರಿನ ಹತ್ತಿರ ನಿಂತರು. ಕೀಲಿಕೈ ತೂಗುವ ಮೊಳೆ ಖಾಲಿ ಇದ್ದದ್ದನ್ನು ನೋಡಿಯೇ ಬಂದಿರಬೇಕು. ಡ್ರೈವರ್ ಸೀಟಿನಲ್ಲಿ ಶಂಕರಿಯಕ್ಕ ಆಗಲೇ ಕೂತಿದ್ದರು.

"ನಾನೂ ಬದಿಯಡ್ಕಕ್ಕೇ. ಅಂಗಡಿ ಬಾಗಿಲು ತೆಗೀಲಿಕ್ಕುಂಟು" ಎಂದರು, ಯಾರಿಗೂ ಅಲ್ಲದ ಹಾಗೆ.

"ಹತ್ತಿ" ಎಂದರು ಶಂಕರಿಯಕ್ಕ.

ಎಡಗಡೆಯ ಸೀಟಿನಲ್ಲಿ ಅವರು, ಹಿಂದೆ ಹಪ್ಪಳದ ಕಟ್ಟುಗಳ ನಡುವೆ ನಾನು. ಕಾರು ಇಳಿಜಾರಿನ ತುದಿಗೆ ಬಂದಾಗ ಶಂಕರಿಯಕ್ಕ ಎರಡನೆಯ ಗೇರಿಗೆ ಹಾಕಿದರು. ಎಂಜಿನು ಗೊಂಯ್ ಎಂದು ದೊಡ್ಡದಾಗಿ ಹಾಡಿತು. ವೆಂಕಟಕೃಷ್ಣಣ್ಣ ತಲೆ ಓರೆ ಮಾಡಿದರು. ಆ ಸದ್ದಿನಲ್ಲಿ ಅವರಿಗೆ ಪೆಟ್ರೋಲು ಉರಿಯುವುದು ಕೇಳಿಸುತ್ತಿತ್ತು. ಮುಖ ಕಿವುಚಿಕೊಂಡಿತು. ಬಲಗೈ ತನ್ನಷ್ಟಕ್ಕೆ ತಾನೇ ಗೇರಿನ ಕಡೆ ಸರಿಯಿತು.

"ಕೈ" ಎಂದರು ಶಂಕರಿಯಕ್ಕ.

ರಸ್ತೆಯಿಂದ ಕಣ್ಣು ತೆಗೆಯದೆ, ಯಾವಾಗಿನ ಹಾಗೆ ಮೆಲ್ಲಗೆ, ಒಂದೇ ಸಲ ಹೇಳಿದರು. ಎಂಜಿನಿನ ಗದ್ದಲದಲ್ಲಿ ಹಿಂದೆ ಕೂತ ನನಗೇ ಅದು ಸರಿಯಾಗಿ ಕೇಳಿಸಲಿಲ್ಲ.

ವೆಂಕಟಕೃಷ್ಣಣ್ಣ "ಆಂ?" ಅನ್ನಲಿಲ್ಲ. ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.